ಅಂಟು ಮತ್ತು ನಂಟು: ಕೈಯಿಂದ ಕಟ್ಟಿದ ಕಾರಿನ ಹೊರಫಲಕಗಳ ವಿಚಾರ

ಯಂತ್ರಗಳಲ್ಲಿ ಆಸಕ್ತಿಯುಳ್ಳ ತರುಣ ತರುಣಿಯರಿಗೆ ತಮ್ಮ ಕೈಯಿಂದಲೇ ಒಂದು ಕಾರನ್ನು ಕಟ್ಟಿ ಓಡಿಸಬೇಕೆಂಬ ಆಸೆ ಹುಟ್ಟುವುದು ಸಹಜವೇ ಆಗಿದೆ. ನಮ್ಮ ಹಳೆಯ ಬೆಂಗಳೂರಿನಲ್ಲಿ ಈ ಆಸೆಗೆ ಅನುಕೂಲಗಳೂ ಉಂಟು. ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ 1946ರಲ್ಲಿ ಸ್ಥಾಪಿತವಾದ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು ಇದೆ. ಚಾಮರಾಜಪೇಟೆಯ ಆಚೆಗೆ ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಜೆ.ಸಿ. ರಸ್ತೆಯೂ ಕಲಾಸಿಪಾಳ್ಯವೂ ಇವೆ. ಮಲ್ಲೇಶ್ವರದ ಹದಿನೆಂಟನೆಯ ಅಡ್ಡರಸ್ತೆಯಲ್ಲಿ ಮರವನ್ನೂ ಮರದ ಬೆಸುಗೆಯನ್ನೂ ಅಭ್ಯಾಸಮಾಡುವ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ವಿದ್ಯಾರ್ಥಿಗಳು ತಾವೇ ಕಟ್ಟಿದ ವಾಹನಗಳಿಗಾಗಿ 2007ರಿಂದ ‘ಬಾಹಾ’ ಸ್ಪರ್ಧೆಯೂ 2011ರಿಂದ ‘ಸುಪ್ರಾ’ ಸ್ಪರ್ಧೆಯೂ ನಮ್ಮ ದೇಶದಲ್ಲಿ ನಡೆಯತೊಡಗಿದ ಮೇಲೆ, ಕಾಲೇಜಿನ ಕಾರ್ಯಾಗಾರಗಳಲ್ಲಿಯೂ ಮನೆಯ ಹಿಂದಣ ಷೆಡ್ಡುಗಳಲ್ಲಿಯೂ ಉಕ್ಕಿನ ಕೊಳವೆಗಳ ಹಂದರಗಳು ಎದ್ದು ನಿಂತಿವೆ.

ಹಂದರವನ್ನು ಬೆಸೆದದ್ದಾಯಿತು, ಚಕ್ರಗಳನ್ನು ಜೋಡಿಸಿದ್ದಾಯಿತು, ಎಂಜಿನ್ನೋ ಮೋಟಾರೋ ತನ್ನ ಜಾಗದಲ್ಲಿ ಕುಳಿತದ್ದಾಯಿತು. ಕೊನೆಗೆ ಉಳಿಯುವುದು ಹೊರಮೈ. ಕಾರ್ಯಾಗಾರದ ಮಾತಿನಲ್ಲಿ ಹೇಳುವುದಾದರೆ ಬಾಡಿ ಪ್ಯಾನೆಲ್. ಈ ಫಲಕಗಳನ್ನು ಹಂದರಕ್ಕೆ ಅಂಟಿಸುವ ಹಂತಕ್ಕೆ ಬಂದಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಎಲ್ಲಕ್ಕಿಂತ ಬಲವಾದ ಅಂಟು ಯಾವುದು?” ಈ ಪ್ರಶ್ನೆಯೇ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅಂಟಿನ ಬಲಕ್ಕಿಂತ, ಆ ಅಂಟು ಯಾವ ಎರಡು ವಸ್ತುಗಳ ನಡುವೆ ಎಂತಹ ನಂಟನ್ನು ಕಾಪಾಡಬೇಕು ಎಂಬುದನ್ನು ಮೊದಲು ಕೇಳಬೇಕು. ಇದನ್ನು ಲೆಕ್ಕ ಸಮೇತವಾಗಿ ವಿಚಾರಮಾಡೋಣ.

ಉಕ್ಕಿನ ಹಂದರದ ಮೇಲೆ ಬೇರೊಂದು ಹಗುರವಾದ ವಸ್ತುವಿನ ಹೊದಿಕೆ ಹಾಕುವ ಪದ್ಧತಿ ಬೆಂಗಳೂರಿಗೆ ಹೊಸದೇನೂ ಅಲ್ಲ. 1970ರ ದಶಕದಲ್ಲಿ ಇಲ್ಲಿ ತಯಾರಾದ ‘ಬಾದಲ್’ ಎಂಬ ಮೂರು ಚಕ್ರದ ಕಾರಿನ ಮೈ ಫೈಬರ್‌ಗ್ಲಾಸಿನದು. ಅದೇ ಸಿಪಾನಿ ಕಾರ್ಖಾನೆಯಿಂದ 1982ರಲ್ಲಿ ಹೊರಬಂದ ‘ಡಾಲ್ಫಿನ್’ ಬ್ರಿಟನ್ನಿನ ರಿಲಯಂಟ್ ಕಿಟನ್ ಎಂಬ ಕಾರಿನ ಮಾದರಿಯದು. ಅದರ ಮೈಯೂ ಫೈಬರ್‌ಗ್ಲಾಸಿನದೇ. 2001ರಲ್ಲಿ ಬಂದ ‘ರೇವಾ’ ವಿದ್ಯುತ್ ಕಾರಿನಲ್ಲಿ ಉಕ್ಕಿನ ಕೊಳವೆಗಳ ಹಂದರದ ಮೇಲೆ ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕಿನ ಫಲಕಗಳಿದ್ದವು. ಆ ಕಾರನ್ನು ರೂಪಿಸಿದ ಚೇತನ್ ಮೈನಿಯವರು ವಿದ್ಯಾರ್ಥಿಯಾಗಿದ್ದಾಗ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಸೌರ ಕಾರಿನ ತಂಡದಲ್ಲಿ ದುಡಿದವರು. ಆ ತಂಡದ ‘ಸನ್‌ರನ್ನರ್’ 1990ರ ಅಮೆರಿಕದ ಸ್ಪರ್ಧೆಯಲ್ಲಿ ಮೊದಲನೆಯದಾಗಿ ಬಂದಿತು. ವಿದ್ಯಾರ್ಥಿಗಳು ಕೈಯಿಂದ ಕಟ್ಟುವ ಕಾರು ಬರಿಯ ಆಟಿಕೆಯಲ್ಲ, ಮುಂದೆ ಉದ್ಯಮವಾಗಬಲ್ಲ ಬೀಜ ಎಂಬುದಕ್ಕೆ ಇದು ಸಾಕ್ಷಿ. ಆದ ಕಾರಣ ಅದನ್ನು ಕಟ್ಟುವ ರೀತಿಯಲ್ಲಿ ಬೇರೂರುವ ಅಭ್ಯಾಸಗಳು ಒಳ್ಳೆಯವಾಗಿರಬೇಕು.

ಅಂಟೇಕೆ, ಬೋಲ್ಟು ಸಾಲದೆ ಎಂದು ಅನುಭವಸ್ಥರಾದ ಮೇಸ್ತ್ರಿಗಳು ಕೇಳುವುದುಂಟು. ಈ ಮಾತನ್ನು ತಳ್ಳಿಹಾಕಲಾಗದು. ಬೋಲ್ಟು ಸಡಿಲವಾದರೆ ಕಣ್ಣಿಗೆ ಕಾಣುತ್ತದೆ, ಬಿಗಿಮಾಡಬಹುದು, ಬೇಡವಾದರೆ ಬಿಚ್ಚಬಹುದು. ಅಂಟಿಗೆ ಈ ಯಾವ ಗುಣವೂ ಇಲ್ಲ. ಆದರೆ ಬೋಲ್ಟಿಗೂ ರಿವೆಟ್ಟಿಗೂ ರಂಧ್ರ ಬೇಕು. ತೆಳುವಾದ ಫಲಕಕ್ಕೆ ರಂಧ್ರ ಕೊರೆದೊಡನೆ, ಫಲಕದ ಮೇಲಿನ ಎಳೆತವೆಲ್ಲ ಆ ರಂಧ್ರದ ಅಂಚಿನಲ್ಲಿ ಬಂದು ಸೇರುತ್ತದೆ. ಫೈಬರ್‌ಗ್ಲಾಸಿನಲ್ಲಿಯೂ ಎ.ಬಿ.ಎಸ್. ಹಲಗೆಯಲ್ಲಿಯೂ ಬಿರುಕು ಹೊರಡುವುದು ಹೆಚ್ಚಾಗಿ ಇಲ್ಲಿಂದಲೇ. ಅಂಟಾದರೋ ಭಾರವನ್ನು ಉದ್ದಕ್ಕೂ ಹಂಚುತ್ತದೆ, ನೀರನ್ನು ತಡೆಯುತ್ತದೆ, ಫಲಕ ಗಡಗಡನೆ ಅಲುಗದಂತೆ ನೋಡಿಕೊಳ್ಳುತ್ತದೆ. ಅಲ್ಯೂಮಿನಿಯಂ ಉಕ್ಕಿಗೆ ನೇರವಾಗಿ ತಾಗಿದ ಕಡೆ ಮಳೆನೀರು ಸೇರಿದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಉಂಟಾಗಿ ಲೋಹ ಸವೆಯುತ್ತದೆ. ನಡುವೆ ಒಂದೆರಡು ಮಿಲಿಮೀಟರಿನ ಅಂಟಿನ ಪದರವಿದ್ದರೆ ಈ ಕೇಡು ತಪ್ಪುತ್ತದೆ. ಹೀಗೆ ಅಂಟಿನ ಪಕ್ಷದಲ್ಲಿ ಬಲವಾದ ಕಾರಣಗಳೇ ಇವೆ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಫಲಕವೊಂದನ್ನು ಊಹಿಸಿಕೊಳ್ಳಿ. ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುವಾಗ ಎದುರುಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 45 ಕಿಲೋಗ್ರಾಂ ತೂಕಕ್ಕೆ ಸಮ. ಬಾಗಿದ ಮೇಲ್ಮೈಗಳ ಮೇಲೆ ಹೊರಕ್ಕೆ ಸೆಳೆಯುವ ಬಲ ಇದಕ್ಕಿಂತ ಹೆಚ್ಚಾಗಬಹುದು. ಗುಂಡಿಗಳಲ್ಲಿ ಕಾರು ಕುಲುಕಿದಾಗ ಫಲಕದ ಸ್ವಂತ ತೂಕವೂ ಹಲವು ಪಟ್ಟು ಭಾರವಾಗಿ ಎಳೆಯುತ್ತದೆ. ಎಲ್ಲವನ್ನೂ ಧಾರಾಳವಾಗಿ ಸೇರಿಸಿ 200 ಕಿಲೋಗ್ರಾಂ ಎಂದು ಹಿಡಿಯೋಣ. ಫಲಕದ ನಾಲ್ಕು ಅಂಚುಗಳ ಸುತ್ತಳತೆ ನಾಲ್ಕು ಮೀಟರ್. ಅಲ್ಲಿ 15 ಮಿಲಿಮೀಟರ್ ಅಗಲಕ್ಕೆ ಅಂಟು ಹಾಕಿದರೆ ಅಂಟಿದ ಜಾಗ 600 ಚದರ ಸೆಂಟಿಮೀಟರ್ ಆಯಿತು. ಚದರ ಸೆಂಟಿಮೀಟರಿಗೆ ಹತ್ತೇ ಕಿಲೋಗ್ರಾಂ ತಡೆಯುವ ಸಾಧಾರಣ ಅಂಟೂ ಕೂಡ 6,000 ಕಿಲೋಗ್ರಾಂ ತಡೆಯಬೇಕು. ಅಂದರೆ ಬೇಕಾದುದಕ್ಕಿಂತ ಮೂವತ್ತು ಪಟ್ಟು. ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಂ ತಡೆಯುವ ಎಪಾಕ್ಸಿಯಾದರೆ ಉತ್ತರ 1,20,000 ಕಿಲೋಗ್ರಾಂ! ಮೈಸೂರಿನ ದಸರೆಯಲ್ಲಿ ಅಂಬಾರಿ ಹೊರುವಂತಹ ಇಪ್ಪತ್ತಕ್ಕೂ ಹೆಚ್ಚು ಆನೆಗಳ ಭಾರವದು.

ಹೀಗಿರುವಾಗ ಅಂಟಿಸಿದ ಫಲಕಗಳು ಕಳಚಿ ಬೀಳಲೇ ಬಾರದಷ್ಟೆ? ಆದರೂ ಬೀಳುತ್ತವೆ. ಅವು ಬೀಳುವುದು ಅಂಟಿನ ಬಲ ಸಾಲದೆ ಅಲ್ಲ. ಮೇಲಿನ ಲೆಕ್ಕದಲ್ಲಿ ಸೇರದ ಮೂರು ಸಂಗತಿಗಳಿಂದ. ಮೊದಲನೆಯದು ಸುಲಿತ, ಎರಡನೆಯದು ಬಿಸಿಲು, ಮೂರನೆಯದು ಕೊಳೆ.

ಲಕೋಟೆಯ ಮೇಲಿನ ಅಂಚೆಚೀಟಿಯನ್ನು ನೇರವಾಗಿ ಜಾರಿಸಿ ಕೀಳಲು ಯಾರಿಂದಲೂ ಆಗದು. ಆದರೆ ಅದರ ಒಂದು ಮೂಲೆಯನ್ನು ಉಗುರಿನಿಂದ ಎತ್ತಿಕೊಂಡರೆ ಮಗುವೂ ಸುಲಿದು ತೆಗೆಯಬಲ್ಲದು. ಮೊದಲನೆಯ ರೀತಿಯಲ್ಲಿ ಅಂಟಿನ ಎಲ್ಲ ಭಾಗವೂ ಒಟ್ಟಿಗೆ ಹೋರಾಡುತ್ತದೆ. ಎರಡನೆಯದರಲ್ಲಿ ಕೂದಲಿನಷ್ಟು ತೆಳುವಾದ ಒಂದು ಗೆರೆ ಮಾತ್ರ ಇಡೀ ಭಾರವನ್ನು ಹೊರುತ್ತದೆ. ಆ ಗೆರೆ ಸೋತರೆ ಮುಂದಿನ ಗೆರೆ, ಅದು ಸೋತರೆ ಅದರ ಮುಂದಿನದು. ಅಂಟಿನ ಡಬ್ಬಿಯ ಮೇಲೆ ಅಚ್ಚಾಗಿರುವ ದೊಡ್ಡ ಸಂಖ್ಯೆ ಜಾರಿಸುವ ಬಲವನ್ನು ಕುರಿತದ್ದು. ಗಾಳಿ ಫಲಕದ ಅಂಚಿಗೆ ಬಂದು ಮಾಡುವುದಾದರೋ ಸುಲಿಯುವ ಕೆಲಸ. ಆದುದರಿಂದ ಮುಂದಣ ಫಲಕದ ಅಂಚು ಹಿಂದಣ ಫಲಕದ ಮೇಲೆ ಬರುವಂತೆ, ಮಂಗಳೂರು ಹೆಂಚನ್ನು ಹೊದಿಸುವ ಕ್ರಮದಲ್ಲಿ, ಜೋಡಿಸಬೇಕು. ಮಳೆಯ ನೀರು ಹೆಂಚಿನ ಅಡಿಗೆ ನುಗ್ಗದಂತೆ ಗಾಳಿಯೂ ಫಲಕದ ಅಡಿಗೆ ನುಗ್ಗಬಾರದು. ಇದಲ್ಲದೆ ಪ್ರತಿಯೊಂದು ಅಂಟಿನ ಸಾಲಿನ ಎರಡು ತುದಿಗಳಲ್ಲಿಯೂ ಒಂದೊಂದು ರಿವೆಟ್ಟನ್ನು ಹಾಕಿದರೆ ಸುಲಿತ ಆರಂಭವಾಗುವುದೇ ಇಲ್ಲ. 1996ರಲ್ಲಿ ಬಂದ ಬ್ರಿಟನ್ನಿನ ಲೋಟಸ್ ಎಲಿಸ್ ಕಾರಿನ ಅಲ್ಯೂಮಿನಿಯಂ ಹಂದರವನ್ನೇ ಎಪಾಕ್ಸಿಯಿಂದ ಅಂಟಿಸಿದ್ದರು. ಅಲ್ಲಿಯೂ ಸುಲಿತವನ್ನು ತಡೆಯಲು ಲೋಹದ ಬಂಧಕಗಳನ್ನು ಜೊತೆಗಿಟ್ಟಿದ್ದರು. ಅಂಟು ಮೇಲೋ ಬೋಲ್ಟು ಮೇಲೋ ಎಂಬ ಜಗಳಕ್ಕೆ ಇದೇ ತಕ್ಕ ತೀರ್ಪು.

ಎರಡನೆಯ ಸಂಗತಿ ಬಿಸಿಲು. ಬೆಂಗಳೂರಿನ ಹವೆ ತಂಪೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಏಪ್ರಿಲ್ ಮಧ್ಯಾಹ್ನದಲ್ಲಿ ಬಯಲಲ್ಲಿ ನಿಂತ ಕಪ್ಪು ಬಣ್ಣದ ಫಲಕ 70 ಡಿಗ್ರಿ ಸೆಂಟಿಗ್ರೇಡಿನವರೆಗೂ ಕಾಯಬಲ್ಲದು. ರಾತ್ರಿಯ 20 ಡಿಗ್ರಿಯಿಂದ ಲೆಕ್ಕ ಹಾಕಿದರೆ ಅಂತರ 50 ಡಿಗ್ರಿ. ಒಂದು ಮೀಟರ್ ಉದ್ದದ ಉಕ್ಕು ಇಷ್ಟು ಶಾಖಕ್ಕೆ ಸುಮಾರು 0.6 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಅಲ್ಯೂಮಿನಿಯಂ ಸುಮಾರು 1.15 ಮಿಲಿಮೀಟರ್, ಎ.ಬಿ.ಎಸ್. ಪ್ಲಾಸ್ಟಿಕ್ ಸುಮಾರು 4 ಮಿಲಿಮೀಟರ್ ಹಿಗ್ಗುತ್ತವೆ. ಫೈಬರ್‌ಗ್ಲಾಸ್ ಅದರ ನೇಯ್ಗೆಗೆ ತಕ್ಕಂತೆ ಬದಲಾಗುವುದಾದರೂ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನ ಸಮೀಪದಲ್ಲಿಯೇ ಇರುತ್ತದೆ.

ಈಗ ಎ.ಬಿ.ಎಸ್. ಫಲಕವನ್ನು ಉಕ್ಕಿನ ಹಂದರಕ್ಕೆ ಅಂಟಿಸಿದ್ದೇವೆ ಎಂದುಕೊಳ್ಳೋಣ. ಫಲಕ 4 ಮಿಲಿಮೀಟರ್ ಹಿಗ್ಗಲು ಹೊರಟಿತು, ಹಂದರ 0.6ಕ್ಕೆ ನಿಂತಿತು. ಉಳಿದ 3.4 ಮಿಲಿಮೀಟರ್ ಎಲ್ಲಿ ಹೋಗಬೇಕು? ಎರಡು ತುದಿಗಳಿಗೆ ಹಂಚಿದರೆ ಒಂದೊಂದರಲ್ಲಿ 1.7 ಮಿಲಿಮೀಟರ್ ಜರುಗಾಟ. ಅಂಟು ಗಾಜಿನಂತೆ ಗಡಸಾಗಿ, 0.2 ಮಿಲಿಮೀಟರ್ ತೆಳುವಾಗಿದ್ದರೆ ಈ ಜರುಗಾಟಕ್ಕೆ ಎಡೆಯೇ ಇಲ್ಲ. ಒಂದೋ ಫಲಕ ಉಬ್ಬಿ ಅಲೆಅಲೆಯಾಗುತ್ತದೆ, ಇಲ್ಲವೇ ತುದಿಯಲ್ಲಿ ಅಂಟು ಸೀಳುತ್ತದೆ. ಪ್ರತಿ ಹಗಲೂ ಪ್ರತಿ ರಾತ್ರಿಯೂ ಇದೇ ಎಳೆದಾಟ ನಡೆಯುತ್ತದೆ. ಇದಕ್ಕೆ ಬದಲಾಗಿ ರಬ್ಬರಿನಂತೆ ಬಳುಕುವ ಅಂಟನ್ನು 5 ಮಿಲಿಮೀಟರ್ ದಪ್ಪಕ್ಕೆ ಹಾಕಿದರೆ ಆ 1.7 ಮಿಲಿಮೀಟರ್ ದಪ್ಪದ ಮೂರನೆಯ ಒಂದು ಪಾಲಷ್ಟೇ ಆಗುತ್ತದೆ. ಅಂಟು ಓರೆಯಾಗಿ ಬಾಗಿ ಮತ್ತೆ ನೇರವಾಗುತ್ತದೆ. ಅಲ್ಯೂಮಿನಿಯಂ ಫಲಕಕ್ಕಾದರೆ 2ರಿಂದ 3 ಮಿಲಿಮೀಟರ್ ದಪ್ಪವೇ ಸಾಕು. ಬಲದಲ್ಲಿ ಹಿಂದಾದ ಅಂಟು ಇಲ್ಲಿ ಬಲಶಾಲಿಯಾದ ಅಂಟನ್ನು ಸೋಲಿಸುವುದನ್ನು ವಾಚಕರು ಗಮನಿಸಬೇಕು. ಬಿರುಗಾಳಿಗೆ ಬಾಗುವ ಬಿದಿರು ಉಳಿಯುತ್ತದೆ. ಬಾಗದ ಮರ ಮುರಿಯುತ್ತದೆ.

ಈ ಎರಡು ವಿಚಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಂಗಡಿಯ ಕಪಾಟಿನ ಕಡೆಗೆ ನೋಡೋಣ. ಬಡಗಿಗಳಿಗೆ ಪ್ರಿಯವಾದ ಫೆವಿಕಾಲಿನಂತಹ ಬಿಳಿಯ ಅಂಟು ತನ್ನೊಳಗಿನ ನೀರು ಆರಿದಾಗ ಗಟ್ಟಿಯಾಗುವಂತಹುದು. ಮರ ಆ ನೀರನ್ನು ಹೀರಿಕೊಳ್ಳುತ್ತದೆ, ಲೋಹ ಹೀರದು. ಸಾಮಾನ್ಯ ಬಗೆಯದು ಮಳೆಯನ್ನೂ ತಾಳದು. ಕ್ಷಣದಲ್ಲಿ ಹಿಡಿಯುವ ಸಯನೋಆಕ್ರಿಲೇಟ್ ಅಂಟು ಸಣ್ಣ ವಸ್ತುಗಳ ದುರಸ್ತಿಗೆ ಒಳ್ಳೆಯದು. ಆದರೆ ಗಡಸು, ಸುಲಿತಕ್ಕೆ ಬೇಗ ಸೋಲುತ್ತದೆ, ಸಂದನ್ನು ತುಂಬಲಾರದು. ಚಮ್ಮಾರರು ಬಳಸುವ ರಬ್ಬರ್ ಸೊಲ್ಯೂಷನ್ ಒಳಗಿನ ಬಟ್ಟೆಯ ಹೊದಿಕೆಗೆ ಸರಿ, ಹೊರಫಲಕಕ್ಕಲ್ಲ. ಶಾಖದಲ್ಲಿ ಅದು ಮೆತ್ತಗಾಗಿ ಜಾರುತ್ತದೆ. ಅರಾಲ್ಡೈಟಿನಂತಹ ಎಪಾಕ್ಸಿಗಳು ಎರಡು ಭಾಗಗಳನ್ನು ಬೆರೆಸಿದಾಗ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತವೆ. ಒಂದೇ ಜಾತಿಯ ಲೋಹದ ಎರಡು ತುಂಡುಗಳನ್ನು ನಿಕಟವಾಗಿ ಕೂಡಿಸಲು ಇವುಗಳಿಗೆ ಸರಿಸಾಟಿ ಕಡಮೆ. ಆದರೆ ಕುಲುಮೆಯಲ್ಲಿ ಕಾಯಿಸದೆ ಕೋಣೆಯ ಶಾಖದಲ್ಲಿಯೇ ಗಟ್ಟಿಯಾದ ಸಾಧಾರಣ ಎಪಾಕ್ಸಿ 50–60 ಡಿಗ್ರಿಯ ಆಸುಪಾಸಿನಲ್ಲೇ ಮೆದುವಾಗತೊಡಗುತ್ತದೆಂಬುದನ್ನು ಮರೆಯಬಾರದು. ನಮ್ಮ ಕಪ್ಪು ಫಲಕದ ಶಾಖ 70 ಡಿಗ್ರಿ ಎಂದು ಈಗತಾನೆ ಹೇಳಿದೆವಷ್ಟೆ.

ಸಿಲಿಕೋನ್ ಶಾಖವನ್ನೂ ಬಿಸಿಲನ್ನೂ ಚೆನ್ನಾಗಿ ತಾಳುತ್ತದೆ. ಆದರೆ ಒಮ್ಮೆ ಅದು ತಾಗಿದ ಕಡೆ ಮುಂದೆ ಬಣ್ಣ ಹಿಡಿಯುವುದು ಕಷ್ಟ. ಕಾರ್ಖಾನೆಗಳಲ್ಲಿ ಬಳಕೆಗೆ ಬಂದಿರುವ ಆಕ್ರಿಲಿಕ್ ಜಾತಿಯ ಎರಡು ಭಾಗದ ಅಂಟುಗಳು ಪ್ಲಾಸ್ಟಿಕ್ಕನ್ನೂ ಲೋಹವನ್ನೂ ಚೆನ್ನಾಗಿ ಹಿಡಿಯುತ್ತವೆ, ಬೇಗ ಗಟ್ಟಿಯಾಗುತ್ತವೆ, ಆದರೆ ಬೆಲೆ ಹೆಚ್ಚು, ವಾಸನೆ ತೀಕ್ಷ್ಣ. ಎರಡೂ ಮುಖಕ್ಕೆ ಅಂಟಿರುವ ಆಕ್ರಿಲಿಕ್ ನೊರೆಯ ಪಟ್ಟಿ ಅಲಂಕಾರದ ಪಟ್ಟಿಗಳಿಗೂ ಚಪ್ಪಟೆಯಾದ ಹಗುರ ಫಲಕಗಳಿಗೂ ಅನುಕೂಲ.

ಇವೆಲ್ಲದರ ನಡುವೆ ನಮ್ಮ ಕೆಲಸಕ್ಕೆ ಹೆಚ್ಚು ಒಪ್ಪುವುದು ಪಾಲಿಯುರಿಥೇನ್ ಎಂದು ನಾವು ಭಾವಿಸುತ್ತೇವೆ. ಇಂದಿನ ಬಹುಪಾಲು ಕಾರುಗಳ ಮುಂಗಾಜನ್ನು ಹಿಡಿದಿರುವುದು ಇದೇ ಕಪ್ಪು ಅಂಟು. ಹರಿಯುವ ಮುನ್ನ ತನ್ನ ಉದ್ದದ ಹಲವು ಪಟ್ಟು ಹಿಗ್ಗಬಲ್ಲದು. ಚದರ ಸೆಂಟಿಮೀಟರಿಗೆ ಹತ್ತು ಕಿಲೋಗ್ರಾಮಿಗಿಂತ ಎಷ್ಟೋ ಹೆಚ್ಚು ತಡೆಯಬಲ್ಲದು. ಇದಕ್ಕೆ ದೋಷಗಳಿಲ್ಲವೆಂದಲ್ಲ. ನೇರ ಬಿಸಿಲಿಗೆ ಸಿಕ್ಕಿದರೆ ಮೇಲ್ಮೈ ಹಾಳಾಗುತ್ತದೆ, ಆದುದರಿಂದ ಮರೆಯಲ್ಲಿರಬೇಕು. ಇದು ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿಕೊಂಡು, ಅದೂ ಹೊರಗಿನಿಂದ ಒಳಕ್ಕೆ, ದಿನಕ್ಕೆ ಸುಮಾರು 3 ಮಿಲಿಮೀಟರಿನಂತೆ. ಎರಡು ಫಲಕಗಳ ನಡುವೆ ಸಿಕ್ಕಿದ 15 ಮಿಲಿಮೀಟರ್ ಅಗಲದ ಸಾಲಿಗೆ ಎರಡು ಅಂಚುಗಳಿಂದ ಮಾತ್ರ ತೇವ ನುಗ್ಗಬೇಕಾದ್ದರಿಂದ ಮೂರು ನಾಲ್ಕು ದಿನವಾದರೂ ಬೇಕು. ಮಾರ್ಚ್ ತಿಂಗಳ ಒಣಹವೆಯಲ್ಲಿ ಒಂದು ವಾರವೆಂದು ಇಟ್ಟುಕೊಳ್ಳುವುದು ಮೇಲು. ಸ್ಪರ್ಧೆಯ ಹಿಂದಿನ ರಾತ್ರಿ ಅಂಟಿಸಿದ ಫಲಕ ಮುಟ್ಟಿ ನೋಡಿದರೆ ಗಟ್ಟಿಯಾಗಿಯೇ ಇರುತ್ತದೆ. ಒಳಗೆ ಮಾತ್ರ ಹಸಿ. ಇದಲ್ಲದೆ ಗಟ್ಟಿಯಾಗುವ ಮುನ್ನ ಇದರಲ್ಲಿರುವ ಐಸೊಸಯನೇಟ್ ಎಂಬ ದ್ರವ್ಯ ಶ್ವಾಸಕೋಶಕ್ಕೆ ಕೆಟ್ಟದ್ದು. ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡೇ ಕೆಲಸಮಾಡತಕ್ಕದ್ದು. ಎಪಾಕ್ಸಿಯಾದರೂ ಬರಿಗೈಗೆ ತಾಗಬಾರದು. ಫೈಬರ್‌ಗ್ಲಾಸನ್ನು ಉಜ್ಜುವಾಗ ಮೂಗಿಗೆ ಮುಸುಕು ಅವಶ್ಯಕ.

ಮೂರನೆಯ ಸಂಗತಿಯಾದ ಕೊಳೆ ಎಲ್ಲಕ್ಕಿಂತ ಕ್ಷುಲ್ಲಕವಾಗಿ ತೋರುತ್ತದೆ, ಆದರೆ ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುತ್ತದೆ. ಅಂಟು ಹಿಡಿಯುವುದು ತಾನು ತಾಗಿದ ಮೊದಲನೆಯ ಅಣುಪದರವನ್ನು. ಆ ಪದರ ಎಣ್ಣೆಯದಾದರೆ ಅಂಟು ಹಿಡಿದದ್ದು ಎಣ್ಣೆಯನ್ನು, ಲೋಹವನ್ನಲ್ಲ. ತುಕ್ಕಾದರೆ ತುಕ್ಕನ್ನು, ಹಳೆಯ ಬಣ್ಣವಾದರೆ ಬಣ್ಣವನ್ನು. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಸವರಿದ ಮೇಣ ಫೈಬರ್‌ಗ್ಲಾಸ್ ಫಲಕದ ಮೈಮೇಲೆ ಉಳಿದಿರುತ್ತದೆ. ಅದರ ಮೇಲೆ ಎಂತಹ ದುಬಾರಿ ಅಂಟು ಹಾಕಿದರೂ ವ್ಯರ್ಥವೇ. ಇದನ್ನು ಪರೀಕ್ಷಿಸುವ ಉಪಾಯ ಸುಲಭ. ಒರೆಸಿ, ಎಮರಿ ಕಾಗದದಿಂದ ಉಜ್ಜಿ, ಮತ್ತೆ ಒರೆಸಿದ ಫಲಕದ ಮೇಲೆ ಶುದ್ಧವಾದ ನೀರನ್ನು ಚಿಮುಕಿಸಿ ನೋಡಿ. ನೀರು ತೆಳುವಾಗಿ ಹಾಳೆಯಂತೆ ಹರಡಿದರೆ ಮೈ ಶುದ್ಧ. ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ಉರುಳಿದರೆ ಮೇಣವೋ ಎಣ್ಣೆಯೋ ಇನ್ನೂ ಉಳಿದಿದೆ. ಮನೆಯ ಬಕೆಟ್ಟುಗಳಂತಹ ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ಪ್ಲಾಸ್ಟಿಕ್ಕುಗಳ ಮೇಲೆ ಮಾತ್ರ ಎಷ್ಟು ತೊಳೆದರೂ ನೀರು ಹರಡದು. ಅವುಗಳ ಸ್ವಭಾವವೇ ಹಾಗೆ. ಅವನ್ನು ಅಂಟಿಸಲು ಬೇರೆಯ ಲೇಪವೇ ಬೇಕು.

ಅಂಟನ್ನು ದೂರುವ ಮುನ್ನ ಅದನ್ನು ಹಾಕಿದ ಕೆಲಸವನ್ನು ನೋಡಬೇಕೆಂಬುದಕ್ಕೆ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಹಾರಿಸಿದ ‘ಮಾಸ್ಕಿಟೊ’ ವಿಮಾನ ಪ್ಲೈವುಡ್ಡನ್ನೂ ಬಾಲ್ಸಾ ಮರವನ್ನೂ ಅಂಟಿಸಿ ಕಟ್ಟಿದ್ದು. 1944ರಲ್ಲಿ ಭಾರತದ ಕಡೆಗೆ ಬಂದ ಈ ವಿಮಾನಗಳಲ್ಲಿ ಕೆಲವು ರೆಕ್ಕೆ ಮುರಿದು ಬಿದ್ದವು. ಹಾಲಿನಿಂದ ತೆಗೆದ ಕೇಸೀನ್ ಅಂಟು ನಮ್ಮ ಬಿಸಿಲಿಗೂ ಮಳೆಗೂ ಬಿರುಕುಬಿಟ್ಟಿತೆಂದು ಮೊದಲು ಹೇಳಿದರು. ಮುಂದೆ ನಡೆದ ವಿಚಾರಣೆಗಳಲ್ಲಿ ತಿಳಿದುಬಂದದ್ದೇ ಬೇರೆ: ಬ್ರಿಟನ್ನಿನ ಕಾರ್ಖಾನೆಗಳಲ್ಲಿಯೇ ಜೋಡಣೆ ಕೆಟ್ಟಿತ್ತು. ಒಂದು ದಿನವೂ ಮಳೆಗಾಲವನ್ನು ಕಾಣದ ವಿಮಾನಗಳಲ್ಲಿಯೂ ಅದೇ ದೋಷಗಳಿದ್ದವು. ಹೀಗೆ ಹವೆಯ ಮೇಲೂ ಅಂಟಿನ ಮೇಲೂ ಹೊರಿಸಿದ್ದ ತಪ್ಪು ಕಡೆಗೆ ಜೋಡಿಸಿದವರ ಕೆಲಸದಲ್ಲಿ ಕಂಡುಬಂದಿತು.

ಇನ್ನೊಂದು ನಿದರ್ಶನ ಇದಕ್ಕಿಂತ ಗಂಭೀರವಾದುದು. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಮೇಲೆ ಸುಮಾರು 7,300 ಮೀಟರ್ ಎತ್ತರದಲ್ಲಿ ಹಾರುತ್ತಿದ್ದ ಅಲೋಹಾ ಸಂಸ್ಥೆಯ ಬೋಯಿಂಗ್ 737 ವಿಮಾನದ ಚಾವಣಿಯ ಒಂದು ದೊಡ್ಡ ಭಾಗ ಕಿತ್ತು ಹಾರಿಹೋಯಿತು. ಪರಿಚಾರಿಕೆಯೊಬ್ಬರು ಪ್ರಾಣ ಕಳೆದುಕೊಂಡರು. ಆ ವಿಮಾನದ ಅಲ್ಯೂಮಿನಿಯಂ ಹಾಳೆಗಳನ್ನು ಅಂಟು, ರಿವೆಟ್ ಎರಡರಿಂದಲೂ ಕೂಡಿಸಿದ್ದರು. ಅಂಟು ಸರಿಯಾಗಿ ಹಿಡಿಯದ ಕಡೆ ತೇವ ಸೇರಿತು, ಲೋಹ ಸವೆಯಿತು, ಅಂಟು ಹೊರಬೇಕಾಗಿದ್ದ ಭಾರ ರಿವೆಟ್ಟುಗಳ ಮೇಲೆ ಬಿದ್ದು, ಅವುಗಳ ರಂಧ್ರಗಳಲ್ಲಿ ಬಿರುಕುಗಳು ಬೆಳೆದವು. ಸುಮಾರು ತೊಂಬತ್ತು ಸಾವಿರ ಸಲ ಆ ವಿಮಾನ ಏರಿ ಇಳಿದಿತ್ತು. ಒಳಗೆ ನಡೆಯುತ್ತಿದ್ದುದು ಸಕಾಲದಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಹಿಡಿಯದ ಅಂಟು ಹೊರನೋಟಕ್ಕೆ ಹಿಡಿದ ಅಂಟಿನಂತೆಯೇ ಇರುತ್ತದೆ. ಅದರ ಅಪಾಯವೆಲ್ಲ ಇದರಲ್ಲಿದೆ. ಆದುದರಿಂದ ಅಂಟಿನ ಕೆಲಸದಲ್ಲಿ ಭರವಸೆ ಬರಬೇಕಾದದ್ದು ಮುಗಿದ ವಸ್ತುವನ್ನು ನೋಡಿ ಅಲ್ಲ, ಮಾಡಿದ ಕ್ರಮವನ್ನು ನೋಡಿ.

ಇದರಿಂದ ನಾವು ತಳೆಯುವ ಅಭಿಪ್ರಾಯಗಳು ಮೂರು. ಮೊದಲನೆಯದು: ಬಿಚ್ಚಬೇಕಾದದ್ದನ್ನು ಅಂಟಿಸಲೇ ಕೂಡದು. ಎಂಜಿನ್ನಿನ ಮುಚ್ಚಳ, ಬ್ಯಾಟರಿಯ ಮುಚ್ಚಳ, ಚಾಲಕನು ಅವಸರದಲ್ಲಿ ಹೊರಬರಬೇಕಾದ ದಾರಿಯ ಸುತ್ತಣ ಫಲಕ, ಇವುಗಳಿಗೆ ಬೇಗನೆ ಬಿಚ್ಚುವ ಕೊಂಡಿಗಳೇ ಸರಿ. ಬೆಂಕಿ ಹೊತ್ತಿದಾಗ ಬಲವಾದ ಅಂಟು ಶತ್ರುವಾಗುತ್ತದೆ. ಮತ್ತೆ ತೆಗೆಯುವ ಅವಶ್ಯಕತೆ ಬಾರದ ಫಲಕಗಳಿಗೆ ಮಾತ್ರ ಬಳುಕುವ ಅಂಟನ್ನು ತಕ್ಕ ದಪ್ಪಕ್ಕೆ ಹಾಕಿ, ತುದಿಗಳನ್ನು ರಿವೆಟ್ಟಿನಿಂದ ಕಾಯಬೇಕು.

ಎರಡನೆಯದು: ಕಾರಿಗೆ ಅಂಟು ಹಾಕುವ ಮೊದಲು ತುಂಡುಗಳಿಗೆ ಹಾಕಿ ಮುರಿಯಬೇಕು. ಫಲಕದ್ದೇ ವಸ್ತುವಿನಿಂದಲೂ ಹಂದರದ್ದೇ ಉಕ್ಕಿನಿಂದಲೂ 25 ಮಿಲಿಮೀಟರ್ ಅಗಲದ ಹನ್ನೆರಡು ಜೋಡಿ ಪಟ್ಟಿಗಳನ್ನು ಕತ್ತರಿಸಿ, ಕಾರಿನಲ್ಲಿ ಮಾಡುವಂತೆಯೇ ಅಂಟಿಸಿ. ನಾಲ್ಕನ್ನು ನೆರಳಿನಲ್ಲಿ, ನಾಲ್ಕನ್ನು ಒಂದು ವಾರ ನೀರಿನಲ್ಲಿ, ನಾಲ್ಕನ್ನು ಒಂದು ವಾರ ತಾರಸಿಯ ಬಿಸಿಲಿನಲ್ಲಿ ಇಡಿ. ಬಳಿಕ ಕೆಲವನ್ನು ತೂಕ ಕಟ್ಟಿ ಎಳೆದು, ಕೆಲವನ್ನು ಕೈಯಿಂದ ಸುಲಿದು ಮುರಿಯಿರಿ. ಎಷ್ಟು ತೂಕಕ್ಕೆ ಮುರಿಯಿತು ಎಂಬುದಕ್ಕಿಂತ ಮುರಿದ ಮುಖ ಹೇಗಿದೆ ಎಂಬುದು ಮುಖ್ಯ. ಎರಡು ಪಟ್ಟಿಗಳ ಮೇಲೂ ಅಂಟು ಉಳಿದಿದ್ದರೆ ಅಂಟೇ ನಡುವೆ ಹರಿದಿದೆ. ಮೈ ಚೆನ್ನಾಗಿ ಸಿದ್ಧವಾಗಿತ್ತೆಂದು ಅರ್ಥ. ಒಂದು ಪಟ್ಟಿ ತೊಳೆದಂತೆ ಬರಿದಾಗಿದ್ದರೆ ಅಂಟು ಅದನ್ನು ಹಿಡಿದೇ ಇರಲಿಲ್ಲ. ತೂಕದ ಅಂಕೆ ಎಷ್ಟೇ ದೊಡ್ಡದಾಗಿ ಬಂದಿರಲಿ, ಆ ಕ್ರಮವನ್ನು ಬಿಟ್ಟು ಮತ್ತೆ ಮೊದಲಿನಿಂದ ತೊಡಗಬೇಕು. ಈ ಪ್ರಯೋಗಕ್ಕೆ ಕಾಲೇಜಿನ ದೊಡ್ಡ ಯಂತ್ರವೂ ಬೇಡ; ಪ್ರೌಢಶಾಲೆಯ ವಿದ್ಯಾರ್ಥಿಗಳು ತಗಡಿನ ಚೂರುಗಳಿಂದಲೂ ಮರಳು ತುಂಬಿದ ಡಬ್ಬಿಗಳಿಂದಲೂ ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು.

ಮೂರನೆಯದು ಅಧ್ಯಾಪಕರಿಗೂ ಸ್ಪರ್ಧೆಗಳನ್ನು ನಡೆಸುವವರಿಗೂ ನಮ್ಮ ವಿನಂತಿ. ಹೊಳೆಯುವ ಹೊರಮೈಗೆ ಅಂಕ ಕೊಡುವಂತೆ ಮುರಿದ ಪಟ್ಟಿಗಳಿಗೂ ಅಂಕ ಕೊಡಬೇಕು. ಯಾವ ದಿನ, ಎಷ್ಟು ಉಷ್ಣತೆಯಲ್ಲಿ, ಯಾವ ಡಬ್ಬಿಯ ಅಂಟನ್ನು, ಯಾರು ಹಾಕಿದರು, ಮೈಯನ್ನು ಹೇಗೆ ಸಿದ್ಧಪಡಿಸಿದರು, ಎಷ್ಟು ದಿನ ಮುಟ್ಟದೆ ಬಿಟ್ಟರು ಎಂಬುದನ್ನು ಬರೆದಿಟ್ಟ ಪುಸ್ತಕವನ್ನು ಪರೀಕ್ಷಕರು ಕೇಳಿ ನೋಡಬೇಕು. ಇದೇ ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4ರಂದು ಮೊದಲ ಸಲ ಹಾರಿದ ತೇಜಸ್ ವಿಮಾನದ ರೆಕ್ಕೆಗಳು ಇಂಗಾಲದ ಎಳೆಗಳನ್ನು ರಾಳದಲ್ಲಿ ಕೂಡಿಸಿ ಮಾಡಿದವು. ಅಂತಹ ಕೆಲಸದಲ್ಲಿ ಹೀಗೆ ಬರೆದಿಡುವುದು ಕಡ್ಡಾಯವಾದ ನಿಯಮ. ನಾಳೆ ಅಲ್ಲಿಗೆ ಹೋಗಲಿರುವ ವಿದ್ಯಾರ್ಥಿ ಇಂದು ಬಸವನಗುಡಿಯ ಷೆಡ್ಡಿನಲ್ಲಿಯೇ ಅದನ್ನು ರೂಢಿಸಿಕೊಳ್ಳುವುದು ಒಳ್ಳೆಯದಲ್ಲವೆ?

ಇಷ್ಟು ಶ್ರಮ ಸ್ಪರ್ಧೆಯ ಬಯಲಿನಲ್ಲಿ ಮಾತ್ರ ಓಡುವ ಕಾರಿಗೆ ಏಕೆ ಎಂದು ಕೆಲವರು ಕೇಳಬಹುದು. ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಗೆ ಇಳಿಸಲು ಕಾನೂನು ಒಪ್ಪುವುದಿಲ್ಲವೆಂಬುದು ನಿಜ; ಹಾಗೆ ಇಳಿಸಲೂ ಕೂಡದು. ಆದರೆ ಬಯಲಿನಲ್ಲಿಯೂ ಹಿಂದೆ ಬರುವ ಕಾರಿನಲ್ಲಿ ಒಬ್ಬ ಸಹಪಾಠಿ ಕುಳಿತಿರುತ್ತಾನೆ. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಕಳಚಿ ಹಾರಿದ ಫಲಕಕ್ಕೆ ಅದು ಸ್ಪರ್ಧೆಯೋ ರಸ್ತೆಯೋ ಎಂಬ ಭೇದ ತಿಳಿಯದು.

ನಮ್ಮ ಪೂರ್ವಿಕರೂ ಅಂಟನ್ನು ಹಗುರವಾಗಿ ಕಂಡವರಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ದೇವಾಲಯಗಳ ಕಟ್ಟಡಕ್ಕೂ ವಿಗ್ರಹಗಳಿಗೂ ಬಳಸುವ ವಜ್ರಲೇಪವನ್ನು ವರ್ಣಿಸಲು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅಲ್ಲಿ ಬೇಲದ ಕಾಯಿ ಮೊದಲಾದ ದ್ರವ್ಯಗಳ ಹೆಸರನ್ನು ಹೇಳಿ ಸುಮ್ಮನಾಗದೆ, ಕಷಾಯವನ್ನು ಎಂಟನೆಯ ಒಂದು ಪಾಲು ಉಳಿಯುವವರೆಗೆ ಕುದಿಸಬೇಕೆಂದು ಕ್ರಮವನ್ನೂ ವಿಧಿಸಿದ್ದಾನೆ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ದ್ರವ್ಯ ದೊರೆಯುತ್ತದೆ. ಕ್ರಮವನ್ನು ವಿದ್ಯಾರ್ಥಿಯೇ ಒದಗಿಸಬೇಕು. ಈ ರಜೆಯಲ್ಲಿ ಕಾರು ಕಟ್ಟಲು ತೊಡಗುವ ಮಿತ್ರರು ಮೊದಲು ಹನ್ನೆರಡು ಜೋಡಿ ಪಟ್ಟಿಗಳನ್ನು ಕತ್ತರಿಸಿಕೊಳ್ಳಲಿ. ಫಲಕಗಳ ಮಾತು ಆಮೇಲೆ.